ಬಿಷಪ್ಪರ ಕೌದಿ

ಈ ವರ್ಷ ನನ್ನ ಸೊಸೆ ಅಡಿಗೆಮನೆಯ ಗೋಡೆಗೆ ಚರ್ಚಿನವರು ಹಂಚಿದ ಕ್ಯಾಲೆಂಡರ್ ತೂಗುಹಾಕಿದ್ದಾಳೆ. ಹಾಕಲಿ. ಮೊಳೆ ಅವಳದು, ಗೋಡೆ ನನ್ನ ಮಗನದು, ನನ್ನದೇನು ಗಂಟು ಹೋಗಬೇಕು? ಆದರೆ ಅದರ ನೆತ್ತಿಯ ಮೇಲೆ ಹೊಸ ಬಿಷಪ್ಪರ ಲಾಂಛನ ಅಚ್ಚಾಗಿದೆ. ಅದರ ಕೆಳಗೆ, ಲಾಂಛನದಲ್ಲಿರುವ ಒಂದೊಂದಕ್ಕೂ ಅರ್ಥ ಬರೆದಿದ್ದಾರೆ. ಮೊನ್ನೆ ನಾನು ರೊಟ್ಟಿ ಬಡಿಯುತ್ತ ಕೂತಿದ್ದಾಗ ಅವಳು ಅದನ್ನು ದೊಡ್ಡ ದನಿಯಲ್ಲಿ ಓದಲು ಶುರು ಮಾಡಿದಳು.

“ಅತ್ತಿ, ಕೇಳ್ರಿಲ್ಲೆ. ಹಸರ ಟೋಪಿ ಅಂದ್ರ ಬಿಷಪ್ಪರ ಅಧಿಕಾರ ಅಂತ್ರಿ. ಮಿನುಗೋ ಚಿಕ್ಕಿ ಅಂದ್ರ ಮರಿಯಮ್ಮ ತಾಯಿ. ಕೆಳಗ ಹರಿಯೋ ನೀರು ಐತೆಲ್ರಿ, ಅದು ಜ್ಞಾನಸ್ನಾನ...”

“ಸಾಕ್ ಮಾಡವಾ!” ಎಂದೆ. ಕೈ ಎಷ್ಟು ಜೋರಾಗಿ ಬಿತ್ತೆಂದರೆ ರೊಟ್ಟಿ ನಡುವೆ ಹರಿದೇಹೋಯಿತು. “ನೀರಂತ ನೀರು! ಚಿತ್ರದಾಗ ಎಷ್ಟ ಬೇಕಾದಷ್ಟು ಹರಸ್ತಾರ.”

ಹುಡುಗಿ ಕ್ಯಾಲೆಂಡರ್ ಬಿಟ್ಟು ಹೊರಗೆ ನಡೆದಳು. ಸಂಜೆ ಗಂಡನ ಹತ್ತಿರ, “ನಿಮ್ಮವ್ವಗ ಕ್ಯಾಲೆಂಡರ್ ಕಂಡ್ರೂ ಸಿಟ್ಟರಿ,” ಎಂದು ಹೇಳಿದ್ದು ನನ್ನ ಕಿವಿಗೆ ಬಿತ್ತು. ಖರೆ ಅಂದರೆ ನನಗೆ ಸಿಟ್ಟು ಬರದ ವಸ್ತುವನ್ನು ಹುಡುಕುವುದೇ ಕಷ್ಟ. ಮೂಗಿನ ತುದಿಯಲ್ಲಿ ಅದು ಬಾಡಿಗೆ ಕೊಡದೆ ಮನೆ ಮಾಡಿಕೊಂಡಿದೆ. ಚಹಾ ಆರಿದರೆ ಸಿಟ್ಟು, ಬೆಕ್ಕು ಅಡ್ಡಬಂದರೆ ಸಿಟ್ಟು. ಆದರೆ ಇದು ಆ ಚಿಲ್ಲರೆ ಸಿಟ್ಟಲ್ಲ. ಇದು ಅವ್ವ ನನಗೆ ಬಿಟ್ಟುಹೋದ ಆಸ್ತಿ.

ಮೊದಲು ಆ ಟೋಪಿಯನ್ನೇ ತೆಗೆದುಕೊಳ್ಳಿ. ಅಗಲವಾದ ಅಂಚು, ಎರಡು ಕಡೆ ಇಳಿಬಿದ್ದ ದಾರ, ದಾರದ ತುಂಬ ಗೊಂಡೆ. ಮೇಲೆ ಒಂದು, ಅದರ ಕೆಳಗೆ ಎರಡು, ಅದರ ಕೆಳಗೆ ಮೂರು. ಇಷ್ಟು ವಯಸ್ಸಿಗೆ ನಾನು ಎಷ್ಟೋ ಬಿಷಪ್ಪರನ್ನು ನೋಡಿದ್ದೇನೆ, ಒಬ್ಬರ ತಲೆಯ ಮೇಲಾದರೂ ಆ ಟೋಪಿ ಕಂಡಿದ್ದರೆ ಕೇಳಿ. ಯಾವುದೋ ಕಾಲದಲ್ಲಿ, ಯಾವುದೋ ದೇಶದಲ್ಲಿ ಕುದುರೆಯ ಮೇಲೆ ಹೋಗುವಾಗ ಹಾಕಿಕೊಳ್ಳುತ್ತಿದ್ದರಂತೆ. ಈಗ ಕುದುರೆಯೂ ಇಲ್ಲ, ಟೋಪಿಯೂ ಇಲ್ಲ, ಚಿತ್ರದಲ್ಲಿ ಮಾತ್ರ ಗೊಂಡೆ ತೂಗುತ್ತಿದೆ. ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು.

ಲಾಂಛನ ಎಂದರೆ ಏನೆಂದು ತಿಳಿಯದ ಮಂದಿಯೇನೂ ನಾವಲ್ಲ. ನಾನು ಹುಟ್ಟಿ ಬೆಳೆದದ್ದು ಮುಧೋಳದಲ್ಲಿ, ಆಗ ಅದು ಸಂಸ್ಥಾನ. ರಾಜರಿದ್ದರು, ರಾಜರಿಗೊಂದು ಮುದ್ರೆಯಿತ್ತು, ಆ ಮುದ್ರೆಯ ಹಿತ್ತಾಳೆ ಬಿಲ್ಲೆ ಸಿಪಾಯಿಯ ಎದೆಯ ಮೇಲಿತ್ತು. ಬಿಲ್ಲೆ ಹಾಕಿಕೊಂಡವನು ಸಂತೆಗೆ ಬಂದರೆ ಬದನೆಕಾಯಿ ಮಾರುವವಳೂ ಎದ್ದು ನಿಲ್ಲುತ್ತಿದ್ದಳು. ಬಿಲ್ಲೆ ಮನೆಯಲ್ಲಿ ಬಿಟ್ಟು ಬಂದರೆ ಅದೇ ಮನುಷ್ಯನಿಗೆ, “ಒಯ್ಯೋದಿದ್ರ ಒಯ್ಯಿ, ಹಿಚಗಬ್ಯಾಡ,” ಎನ್ನುತ್ತಿದ್ದಳು. ಜಮಖಂಡಿಗೆ ಹೋದರೆ ಬೇರೆ ರಾಜರು, ಬೇರೆ ಬಿಲ್ಲೆ. ನಮ್ಮಪ್ಪ ದರ್ಜಿ. ದರಬಾರಿನ ಸಿಪಾಯಿಗಳ ಕೋಟು ಹೊಲಿಯುತ್ತಿದ್ದ. ಬಿಲ್ಲೆಗೆ ಎಷ್ಟು ಬೆಲೆ, ಅದರ ಹಿಂದಿರುವ ಎದೆಗೆ ಎಷ್ಟು ಬೆಲೆ ಎಂಬುದು ಅವನ ಅಳತೆಪಟ್ಟಿಗೆ ಚೆನ್ನಾಗಿ ಗೊತ್ತಿತ್ತು.

ನಮ್ಮ ಓಣಿಯಲ್ಲಿ ಕೆಲವೇ ಮನೆ ಕಿರಿಸ್ತಾನರು. ಹಂಚಿನ ಮಾಡಿನ ಒಂದು ಉದ್ದ ಕೋಣೆಯಿತ್ತು. ವಾರವೆಲ್ಲ ಅದು ಮಕ್ಕಳು ಕಲಿಯುವ ಸಾಲಿ, ರವಿವಾರ ಗುಡಿ. ಹೌದು, ನಾವು ಅದನ್ನು ಗುಡಿ ಎಂದೇ ಕರೆಯುತ್ತಿದ್ದೆವು, ಯಾರ ಅಪ್ಪಣೆಯನ್ನೂ ಕೇಳಿರಲಿಲ್ಲ. ಪೂಜೆ ಮಾಡುವ ಸ್ವಾಮಿಗಳು, ಅಂದರೆ ಪಾದ್ರಿಗಳು, ಜಮಖಂಡಿಯಲ್ಲಿದ್ದು ಆಗೊಮ್ಮೆ ಈಗೊಮ್ಮೆ ಬರುತ್ತಿದ್ದರು. ಉಳಿದಂತೆ ಸಾಲಿಗೂ ಗುಡಿಗೂ ನಮ್ಮೆಲ್ಲರ ಆತ್ಮಗಳಿಗೂ ಒಬ್ಬರೇ ಯಜಮಾನರು, ಉಪದೇಶಿ ಚಿನ್ನಪ್ಪನವರು. ಧಾರವಾಡದ ಕಡೆಯವರು, ಇಂಗ್ಲಿಷು ಬಲ್ಲವರು, ತಲೆಗೆ ಎಣ್ಣೆ ಹಾಕಿ ಬೈತಲೆ ತೆಗೆದು, ಕೋಟಿನ ಗುಂಡಿ ಮೇಲಿನದೂ ಬಿಡದೆ ಹಾಕಿಕೊಂಡೇ ಹೊರಗೆ ಬರುವವರು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರಲ್ಲ, ಆ ಗಾದೆ ಮಾಡಿದವನು ಇವರ ಮನೆಯ ಕಟ್ಟೆಯ ಮೇಲೆ ಕಾದು ಕೂತಿದ್ದವನೇ ಇರಬೇಕು.

ನನಗೆ ಹತ್ತೋ ಹನ್ನೊಂದೋ ಇರುವಾಗ ಅವ್ವ ಒಂದು ಹೆಣ್ಣು ಕೂಸು ಹಡೆದಳು. ಅಪ್ಪ ದರಬಾರಿನ ಕೋಟಿನಲ್ಲಿ ಉಳಿದ ಕೆಂಪು ಬನಾತಿನ ಬಟ್ಟೆಯಲ್ಲಿ ಅದಕ್ಕೊಂದು ಕುಂಚಿಗೆ ಹೊಲಿದ. ತಲೆಗೆ ಟೋಪಿಯಂತೆ ಕೂತು ಬೆನ್ನಿನ ಮೇಲೆ ಇಳಿಯುವ ಆ ಕುಂಚಿಗೆಯಲ್ಲಿ ಕೂಸಿನ ಮುಖ ತೊಂಡೆಹಣ್ಣಿನಷ್ಟೇ ಕಾಣುತ್ತಿತ್ತು. ವಾರ ತುಂಬುವುದರೊಳಗೆ ಒಂದು ಮುಂಜಾನೆ ಕೂಸು ಹಾಲು ಬಿಟ್ಟಿತು, ಉಸಿರು ಎಳೆಯತೊಡಗಿತು. ಇನ್ನೂ ಜ್ಞಾನಸ್ನಾನ ಆಗಿರಲಿಲ್ಲ. ಅವ್ವ ನನ್ನನ್ನು ಓಡಿಸಿದಳು. “ಉಪದೇಶಿಗಳನ್ನ ಕರಕೊಂಡ ಬಾ. ನೀರು ಹಾಕಿಬಿಡ್ಲಿ.”

ನಾನು ಓಡಿದೆ. ಉಪದೇಶಿಗಳು ಹಲ್ಲು ತಿಕ್ಕುತ್ತಿದ್ದರು. “ಬರ್ತೇನಿ ಹೋಗು. ಜಳಕಾ ಮಾಡಿ ಬರ್ತೇನಿ,” ಎಂದರು. ಜಳಕ ಮಾಡಿದರು. ಎಣ್ಣೆ ಹಾಕಿದರು. ಬೈತಲೆ ತೆಗೆದರು. ನಾನು ಕಟ್ಟೆಯ ಮೇಲೆ ನಿಂತು ಎಲ್ಲವನ್ನೂ ನೋಡಿದ್ದೇನೆ. ಕೋಟಿನ ಗುಂಡಿ ಹಾಕಿಕೊಂಡು ಅವರು ನಮ್ಮ ಮನೆಯ ಹೊಸಿಲು ದಾಟುವ ಹೊತ್ತಿಗೆ ಕೂಸು ಹೋಗಿತ್ತು.

ಆಮೇಲೆ ಏನು? ಜ್ಞಾನಸ್ನಾನ ಆಗದ ಕೂಸನ್ನು ಸಮಾಧಿಯ ಜಾಗದೊಳಗೆ ಇಡುವಂತಿಲ್ಲ ಎಂದರು. ಊರ ಹೊರಗೆ ನಮ್ಮವರಿಗೆಂದು ಬಿಟ್ಟ ತುಣುಕು ನೆಲಕ್ಕೆ ಜಾಲಿಮುಳ್ಳಿನ ಬೇಲಿಯಿತ್ತು. ಬೇಲಿಯ ಒಳಗಿನದು ಪವಿತ್ರ, ಹೊರಗಿನದು ಬರೀ ಮಣ್ಣು. ಅಪ್ಪ ಬೇಲಿಯ ಹೊರಗೆ ಅಗೆದ. ಕುಂಚಿಗೆಯನ್ನು ಅವ್ವ ಕೊಡಲಿಲ್ಲ, ಬಿಗಿಯಾಗಿ ಹಿಡಿದುಕೊಂಡಿದ್ದಳು.

ಇದಿಷ್ಟೇ ಆಗಿದ್ದರೆ ನನ್ನ ಸಿಟ್ಟು ಇಷ್ಟು ವರ್ಷ ಬಾಳುತ್ತಿತ್ತೋ ಇಲ್ಲವೋ. ದೊಡ್ಡವಳಾದ ಮೇಲೆ ತಿಳಿಯಿತು: ಜೀವ ಹೋಗುವ ಹೊತ್ತಿನಲ್ಲಿ ಯಾರು ಬೇಕಾದರೂ ಆ ನೀರು ಹಾಕಬಹುದಂತೆ. ಅವ್ವ ಹಾಕಬಹುದಿತ್ತು. ಅಪ್ಪ ಹಾಕಬಹುದಿತ್ತು. ಕೊಡದಲ್ಲಿ ನೀರಿತ್ತು, ಹೇಳಬೇಕಾದದ್ದು ನಾಲ್ಕು ಮಾತು. ಅದು ಉಪದೇಶಿಗಳಿಗೆ ಗೊತ್ತಿತ್ತು, ನಮಗೆ ಮಾತ್ರ ಕಲಿಸಿರಲಿಲ್ಲ. ಎಲ್ಲರಿಗೂ ಕಲಿಸಿದರೆ ಇವರನ್ನು ಕರೆಯುವವರು ಯಾರು? ಈಗ ಹೇಳಿ, ಕ್ಯಾಲೆಂಡರಿನಲ್ಲಿ ನೀರು ಹರಿದದ್ದು ಕಂಡರೆ ನನಗೆ ಸಿಟ್ಟು ಬರಬೇಕೋ ಬೇಡವೋ?

ಅದೇ ವರ್ಷ ಚಳಿಗಾಲಕ್ಕೆ ಬಿಷಪ್ಪರು ಬರುತ್ತಾರೆಂಬ ಸುದ್ದಿ ಬಂತು. ದೂರದ ದೇಶದ ಬಿಳಿಯ ಬಿಷಪ್ಪರು. ಉಪದೇಶಿಗಳಿಗೆ ನೆಲದ ಮೇಲೆ ಕಾಲು ನಿಲ್ಲದಾಯಿತು. ಒಂದು ರವಿವಾರ ಬಿಷಪ್ಪರ ಲಾಂಛನದ ಚಿತ್ರವನ್ನು ತಂದು, ಬೆತ್ತದಿಂದ ಒಂದೊಂದನ್ನೇ ತೋರಿಸಿ ಪಾಠ ಮಾಡಿದರು. ಹಸಿರು ಟೋಪಿ, ಗೊಂಡೆ. ಹಿಂದೆ ಬಂಗಾರದ ಶಿಲುಬೆ. ನಡುವೆ ಗುರಾಣಿಯಂಥ ಢಾಲು, ಢಾಲಿನ ನೆಲ ಕೆಂಪು, ಕೆಂಪಿನ ಮೇಲೆ ಒಂದು ಬಿಳಿಯ ಹಕ್ಕಿ. ಹಕ್ಕಿ ತನ್ನ ಎದೆಯನ್ನು ತಾನೇ ಕುಕ್ಕಿಕೊಳ್ಳುತ್ತಿತ್ತು, ಕೆಳಗೆ ಮೂರು ಮರಿ ಬಾಯಿ ತೆರೆದಿದ್ದವು.

“ಮರಿಗಳು ಹಸದಾವು. ತಾಯಿ ತನ್ನ ಎದಿ ಸೀಳಿ ರಕ್ತ ಕುಡಸ್ತೈತಿ,” ಎಂದರು ಉಪದೇಶಿಗಳು. “ಯೇಸುಸ್ವಾಮಿ ನಮಗಾಗಿ ರಕ್ತ ಕೊಟ್ಟಾನಲ್ಲ, ಅದರ ಗುರ್ತು. ಬಿಷಪ್ಪರೂ ತಮ್ಮ ಮಂದೀನ ಹಂಗ ಸಾಕ್ತಾರಂತ ಅರ್ಥ.”

ಹಿಂದಿನ ಸಾಲಿನಿಂದ ಅವ್ವ ಕೇಳಿದಳು, “ಯಾಕ್ರಿ, ಆ ಊರಾಗ ಕಾಳುಕಡಿ ಇರಲಿಲ್ಲೇನ್ರಿ?”

ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. ಉಪದೇಶಿಗಳ ಮುಖ ಕೆಂಪಾಯಿತು. ಆದರೂ ಅವ್ವನನ್ನು ಬಿಡುವಂತಿರಲಿಲ್ಲ. ಬಿಷಪ್ಪರು ಕೂರುವ ಕುರ್ಚಿಯ ಹಿಂದಿನ ಗೋಡೆಗೆ ಆ ಲಾಂಛನವನ್ನು ಬಟ್ಟೆಯಲ್ಲಿ ಮಾಡಿ ತೂಗಬೇಕೆಂದು ಅವರ ಆಸೆ, ಮತ್ತು ಅವ್ವನ ಹಾಗೆ ಕೌದಿ ಹೊಲಿಯುವವರು ಮುಧೋಳದಿಂದ ಮಹಾಲಿಂಗಪುರದ ತನಕ ಇರಲಿಲ್ಲ.

ಕೌದಿ ಕಂಡಿದ್ದೀರಲ್ಲ? ಹಳೆ ಸೀರೆ, ಹರಿದ ಧೋತರ, ಮಕ್ಕಳ ಅಂಗಿ, ಎಲ್ಲವನ್ನೂ ತುಂಡು ಮಾಡಿ ಒಂದರ ಮೇಲೊಂದಿಟ್ಟು ಹೊಲಿಗೆ ಹಾಕುತ್ತ ಹೋಗುವುದು. ಸತ್ತವರ ಅರಿವೆಯೂ ಅದರಲ್ಲಿರುತ್ತದೆ, ಇದ್ದವರದೂ ಇರುತ್ತದೆ. ಚಳಿಗೆ ಹೊದ್ದರೆ ಇಡೀ ಮನೆತನವನ್ನೇ ಹೊದ್ದ ಹಾಗೆ. ಅವ್ವ ಒಪ್ಪಿಕೊಂಡಳು. ಇಷ್ಟು ಬೇಗ ಒಪ್ಪಿದ್ದು ನೋಡಿ ನನಗೆ ಮೈ ಉರಿಯಿತು. “ಅವರಿಗ್ಯಾಕ ಹೊಲೀತಿಬೇ? ನಮ್ಮ ಕೂಸಿಗೆ ಅವರು...” ಎಂದೆ. ಅವ್ವ ಎದ್ದಳು. ಟ್ರಂಕಿನಿಂದ ತನ್ನ ಕುಬಸದ ಹಸಿರು ಸೀರೆ ತೆಗೆದು ಕತ್ತರಿಸಿದಳು, ಏಳು ತಿಂಗಳ ಬಸುರಿಗೆ ಮಾಡುವ ಆ ಶಾಸ್ತ್ರದಲ್ಲಿ ಉಟ್ಟಿದ್ದು. ಅದು ಟೋಪಿಯಾಯಿತು. ಬನಹಟ್ಟಿಯ ನೇಕಾರರ ಮನೆಯಿಂದ ತಂದ, ಮಗ್ಗದಲ್ಲಿ ಉಳಿದ ನೂಲಿನ ತುದಿಗಳು ಗೊಂಡೆಯಾದವು. ಆಮೇಲೆ ಕುಂಚಿಗೆ ತೆಗೆದಳು. ಹೊಲಿಗೆ ಬಿಚ್ಚಿ, ಬಿಡಿಸಿ, ಢಾಲಿನ ಕೆಂಪು ನೆಲ ಮಾಡಿದಳು.

ನಾನು ಕಣ್ಣು ಬಿಟ್ಟು ನೋಡುತ್ತಿದ್ದೆ. “ಬಾಯಿ ಬಿಟ್ಟಿ ಅಂದ್ರ ನೋಡು ಮತ್ತ,” ಎಂದಳು. “ನನ ಮಗಳನ್ನ ಬೇಲಿ ಹೊರಗ ಇಟ್ಟಾರ. ಈಗ ಆಕಿ ಗುಡಿ ಒಳಗ ಹೊಕ್ಕಾಳ. ಬಿಷಪ್ಪರ ತಲಿ ಮ್ಯಾಲ ಕುಂದರ್ತಾಳ. ಯಾರ ತಡೀತಾರ ನೋಡೂಣು.”

ಲಾಂಛನದ ಅರ್ಥ ಬರೆಯುವ ಪಂಡಿತರೇ, ಬರೆದುಕೊಳ್ಳಿ: ಹಸಿರೆಂದರೆ ಕುಬಸ, ಕೆಂಪೆಂದರೆ ನನ್ನ ತಂಗಿ.

ಕೌದಿಯ ಕಡೆಯ ಮೂಲೆಯನ್ನು ಮುಚ್ಚುವ ಮೊದಲು ನಮ್ಮ ಕಡೆ ಒಂದು ಪದ್ಧತಿಯಿದೆ. ರೊಟ್ಟಿಯ ಚೂರೋ ಹೋಳಿಗೆಯ ಚೂರೋ ಒಳಗಿಟ್ಟು ಹೊಲಿಯುತ್ತಾರೆ. ಕೌದಿ ಹಸಿದಿರಬಾರದು, ಹಸಿದ ಕೌದಿ ಹೊದ್ದವರ ಮನೆಯಲ್ಲಿ ಹಸಿವೆ ಬರುತ್ತದೆ. ಇದಕ್ಕೆ ಮತವಿಲ್ಲ, ಜಾತಿಯಿಲ್ಲ. ಕೌದಿ ಹೊಲಿಯುವ ಎಲ್ಲ ಕೈಗಳೂ ಮಾಡುವುದು. ಅವ್ವ ಮೂಲೆಯಲ್ಲಿಡಲಿಲ್ಲ. ಹಕ್ಕಿಯ ಕೆಳಗೆ, ಬಾಯಿ ತೆರೆದ ಮರಿಗಳ ಹತ್ತಿರ, ಬೆಲ್ಲದ ಹೋಳಿಗೆಯ ಒಂದು ಚೂರು ಇಟ್ಟು ಹೊಲಿದುಬಿಟ್ಟಳು. “ಇನ್ನರ ಆ ಹಕ್ಕಿ ಎದಿ ಕುಕ್ಕೊಳ್ಳೋದು ಬಿಡ್ಲಿ,” ಎಂದಳು.

ಬಿಷಪ್ಪರು ಬರುವ ದಿನ ಬೆಳಿಗ್ಗೆ ಕೌದಿ ಗೋಡೆಯ ಮೇಲಿತ್ತು. ಏನು ಚಂದ ಕಾಣುತ್ತಿತ್ತು ಅಂತೀರಿ! ಸಿಟ್ಟಿನ ನಡುವೆಯೂ ಹೇಳಬೇಕು, ಚಂದ ಕಾಣುತ್ತಿತ್ತು. ಅವ್ವ ಎದುರಿಗೆ ನಿಂತು ಬಹಳ ಹೊತ್ತು ಕೆಂಪನ್ನೇ ನೋಡಿದಳು. ಅಷ್ಟರಲ್ಲಿ ಉಪದೇಶಿಗಳು ಹತ್ತಿರ ಹೋಗಿ ಬಗ್ಗಿದರು. ನೆಲದಿಂದ ಗೋಡೆಗೆ, ಗೋಡೆಯಿಂದ ಢಾಲಿಗೆ ಕೆಂಪಿರುವೆಗಳ ಸಾಲು ಹತ್ತಿತ್ತು. ಇರುವೆಗಳಿಗೆ ಲಾಂಛನದ ಅರ್ಥ ಎಲ್ಲರಿಗಿಂತ ಮೊದಲೇ ತಿಳಿದಿತ್ತು.

ಉಪದೇಶಿಗಳು ಕೌದಿಯನ್ನು ಕೆಳಗಿಳಿಸಿ, ಅದನ್ನು ತೂಗುಹಾಕಲು ಬಂದಿದ್ದ ಅಪ್ಪನ ಕೈಯಿಂದ ಕತ್ತರಿ ಕಸಿದುಕೊಂಡು, ಹಕ್ಕಿಯ ಕೆಳಗೆ ಕೊಯ್ದರು. ಹೋಳಿಗೆಯ ಚೂರು ಬಿತ್ತು.

“ಬಿಷಪ್ಪರ ಮುದ್ರಿಗೆ ಎಡಿ ಹಿಡದೀರೇನು?” ಎಂದು ಕೂಗಿದರು. “ಎಷ್ಟ ಕಲಿಸಿದ್ರೂ ನಿಮ್ಮ ಹಳೇ ಬುದ್ಧಿ ಹೋಗಂಗಿಲ್ಲಲ್ಲ! ಒಯ್ರಿ ಇದನ್ನ. ಗುಡಿ ಒಳಗ ಇದು ಬ್ಯಾಡ.”

ಕೌದಿಯನ್ನು ಅವ್ವನ ಕಾಲ ಬುಡಕ್ಕೆ ಎಸೆದರು. ಕೂಸನ್ನು ಎರಡನೆಯ ಸಲ ಹೊರಗೆ ಹಾಕಿದರು. ನಾನು ಅತ್ತೆ. ಅಪ್ಪ ತಲೆ ತಗ್ಗಿಸಿದ. ಅವ್ವ ಅಳಲಿಲ್ಲ, ಬೈಯಲೂ ಇಲ್ಲ. ಕೌದಿಯನ್ನು ಎತ್ತಿ, ಇರುವೆ ಝಾಡಿಸಿ, ಸೆರಗಿನ ಮೇಲಿಂದ ಬೆನ್ನ ತುಂಬ ಹೊದ್ದುಕೊಂಡಳು. ಕೊಯ್ದ ಜಾಗದಿಂದ ದಾರ ಜೋಲುತ್ತಿತ್ತು. ಹಾಗೆಯೇ ಹೋಗಿ ಹೆಂಗಸರ ಸಾಲಿನಲ್ಲಿ ಎಲ್ಲರಿಗಿಂತ ಮುಂದೆ ಕೂತಳು. ಚಳಿಗೆ ಕೌದಿ ಹೊದ್ದವಳನ್ನು ಯಾರು ಏಳಿಸುತ್ತಾರೆ? ಉಪದೇಶಿಗಳು ಹಲ್ಲು ಕಡಿದರು. ಅಷ್ಟರಲ್ಲಿ ಹೊರಗೆ ಮೋಟಾರಿನ ಸದ್ದಾಯಿತು.

ನಮ್ಮ ಸ್ವಾಮಿಗಳು ಜಮಖಂಡಿಯಲ್ಲಿ ಚಳಿಜ್ವರ ಬಂದು ಮಲಗಿದ್ದರು. ಬಿಷಪ್ಪರ ಜೊತೆ ಬಂದವರಿಗೆ ಕನ್ನಡ ಬಾರದು. ಹೀಗಾಗಿ ಬಿಷಪ್ಪರ ಕಿವಿಯೂ ನಮ್ಮ ನಾಲಿಗೆಯೂ ಉಪದೇಶಿ ಚಿನ್ನಪ್ಪನವರೇ ಆದರು. ಪೂಜೆ ಮುಗಿದ ಮೇಲೆ ಒಬ್ಬೊಬ್ಬರೇ ಹೋಗಿ ಉಂಗುರಕ್ಕೆ ಮುತ್ತಿಡುವುದು. ಅವ್ವನ ಸರದಿ ಬಂತು. ಎದುರಿಗೆ ಮೊಣಕಾಲೂರಿ ತಲೆ ಬಗ್ಗಿಸಿದಳು, ಬೆನ್ನ ಮೇಲೆ ಹಸಿರು ಟೋಪಿ, ಗೊಂಡೆ, ಶಿಲುಬೆ, ಹಕ್ಕಿ ಎಲ್ಲವೂ ಬಿಷಪ್ಪರ ಕಣ್ಣಿಗೆ ಬಿತ್ತು. ಅವರ ಮುಖ ಅರಳಿತು. ಕೈಯಲ್ಲಿ ಹಕ್ಕಿಯನ್ನು ಮುಟ್ಟಿ ಏನೋ ಕೇಳಿದರು.

ಉಪದೇಶಿಗಳು ಬಾಯಿ ತೆರೆಯುವ ಮೊದಲೇ ಅವ್ವ ತಲೆಯೆತ್ತಿದಳು. “ಇವರಿಗೆ ಹೇಳ್ರಿ. ಈ ಕೆಂಪು ನನ ಮಗಳ ಕುಂಚಿಗಿ. ನೀರು ಹಾಕವರು ತಡಾ ಮಾಡಿದ್ರು, ಆಕಿ ಹೋದ್ಲು. ಆಕೀನ ಬೇಲಿ ಹೊರಗ ಇಟ್ಟಾರ. ನನಗೇನ ಬ್ಯಾಡ, ಆಕೀನ ಬೇಲಿ ಒಳಗ ತಗೊಳ್ಳಾಕ ಅಪ್ಪಣಿ ಕೊಡ್ರಿ ಅಂತ ಹೇಳ್ರಿ.”

ಉಪದೇಶಿಗಳು ಕೊರಳು ಸರಿಮಾಡಿಕೊಂಡು ಇಂಗ್ಲಿಷಿನಲ್ಲಿ ಹೇಳಿದರು. ಅವ್ವ ಅಷ್ಟುದ್ದ ಹೇಳಿದ್ದು ಅವರ ಬಾಯಲ್ಲಿ ಚೋಟುದ್ದ ಆಯಿತು. ಬಿಷಪ್ಪರು ನಕ್ಕರು. “ಎಸ್, ಎಸ್,” ಎಂದರು. ಕೆಂಪಿನ ಮೇಲೆ ಕೈಯಿಟ್ಟು ಶಿಲುಬೆಯ ಗುರುತು ಮಾಡಿದರು. ಆ ಒಂದು ಇಂಗ್ಲಿಷು ಮಾತು ನಮ್ಮ ಓಣಿಯ ಕುರಿಗಳಿಗೂ ಗೊತ್ತಿತ್ತು. ಸಾಲಿಯಲ್ಲಿ ಉಪದೇಶಿಗಳೇ ಬೆತ್ತ ಹಿಡಿದು ಕಲಿಸಿದ್ದರು.

ಮರುದಿನ ಬೆಳಿಗ್ಗೆ ಬಿಷಪ್ಪರ ಮೋಟಾರು ಲೋಕಾಪುರದ ದಾರಿ ಹಿಡಿಯಿತು. ಅದರ ಧೂಳು ಆರುವ ಮೊದಲೇ ಅವ್ವ ಗುದ್ದಲಿ ತೆಗೆದುಕೊಂಡಳು. ಅಪ್ಪ, ನಾನು ಹಿಂದೆ ಹೋದೆವು. ಅವ್ವ ಕೂಸನ್ನು ಅಗೆಯಲಿಲ್ಲ. ಮಲಗಿದ ಕೂಸನ್ನು ಯಾರಾದರೂ ಎಬ್ಬಿಸುತ್ತಾರೆಯೇ? ಬೇಲಿಯ ಗೂಟ ಕೀಳತೊಡಗಿದಳು. ಸುದ್ದಿ ಹೋಗಿ ಓಣಿಯ ಮಂದಿ ಬಂದರು. ಎಲ್ಲರ ಹಿಂದೆ ಓಡುತ್ತ ಉಪದೇಶಿಗಳು ಬಂದರು. ಆ ದಿನ ಅವರ ಬೈತಲೆ ತೆಗೆದಿರಲಿಲ್ಲ.

“ಯಾರ ಹುಕುಮಿನ ಮ್ಯಾಲ ಬೇಲಿ ಕೀಳಾಕತ್ತೀರಿ?”

“ಬಿಷಪ್ಪರ ಹುಕುಂರೀ,” ಎಂದಳು ಅವ್ವ.

“ಯಾವಾಗ ಕೊಟ್ಟಾರ?”

“ನಿನ್ನಿ. ನಾ ಕೇಳಿದೆ, ನೀವ ಅವರಿಗೆ ಹೇಳಿದ್ರಿ, ಅವರು ಎಸ್ ಅಂದ್ರು. ಎಲ್ಲಾರೂ ಕೇಳ್ಯಾರ.”

“ಅವರು ಅದಕ್ಕಲ್ಲವಾ ಎಸ್ ಅಂದಿದ್ದು! ನಾ ಅವರಿಗೆ ಅದನ್ನ...”

ಅಲ್ಲಿಗೆ ನಿಂತರು. ಅಡಕತ್ತರಿಯಲ್ಲಿ ಸಿಕ್ಕ ಅಡಿಕೆ ನೋಡಬೇಕಾದರೆ ಆಗ ಅವರ ಮುಖ ನೋಡಬೇಕಿತ್ತು. ಅವ್ವ ಗುದ್ದಲಿ ಕೆಳಗಿಟ್ಟಳು.

“ನಾ ಹೇಳಿದ್ದನ್ನ ನೀವು ಹೇಳಲಿಲ್ಲೇನ್ರಿ? ಹಂಗಾರ ಏನ ಹೇಳಿದ್ರಿ? ಇಷ್ಟ ಮಂದಿ ಅದಾರ, ಹೇಳ್ರಿ.”

ಉಪದೇಶಿಗಳು ಮಂದಿಯನ್ನು ನೋಡಿದರು. ಮಂದಿ ಅವರನ್ನು ನೋಡಿತು.

“ಹೇಳೇನವಾ,” ಎಂದರು, ಸಣ್ಣ ದನಿಯಲ್ಲಿ. “ನೀ ಹೇಳಿದ್ದನ್ನ ಹೇಳೇನಿ.”

“ಹಂಗಾರ ಆ ಕಡಿ ಗೂಟ ಹಿಡೀರಿ.”

ಹಿಡಿದರು! ಕೋಟು ಹಾಕಿಕೊಂಡೇ ಹಿಡಿದರು. ಬೇಲಿಯನ್ನು ಅಷ್ಟುದ್ದ ಹೊರಗೆ ತಂದು, ನನ್ನ ತಂಗಿಯ ಮಣ್ಣಗುಡ್ಡೆ ಒಳಗೆ ಬರುವ ಹಾಗೆ ಮಾಡಿ, ಅಪ್ಪ ಗೂಟ ನೆಡಲು ಗುಂಡಿ ತೋಡಿದ. ಆಗ ನಮ್ಮ ಹಿತ್ತಲ ಮನೆಯ ರಾಹೇಲವ್ವ ಮಂದಿಯೊಳಗಿಂದ ಹೊರಗೆ ಬಂದಳು. ಬೇಲಿಯಿಂದಾಚೆ ನಾಲ್ಕು ಮಾರು ಹೋಗಿ ಒಂದು ಚಪ್ಪಟೆ ಕಲ್ಲಿನ ಹತ್ತಿರ ನಿಂತಳು. ಆ ಕಲ್ಲನ್ನು ನಾನು ಎಷ್ಟೋ ಸಲ ಕಂಡಿದ್ದೆ, ಕಲ್ಲೆಂದೇ ತಿಳಿದಿದ್ದೆ.

“ಅಣ್ಣಾ,” ಎಂದಳು ಅಪ್ಪನಿಗೆ, “ಇಲ್ಲೀತನಕ ತರ್ರಿ.”

ಅಪ್ಪ ಗುಂಡಿ ಮುಚ್ಚಿದ. ಅಷ್ಟರಲ್ಲಿ ಇನ್ನೊಬ್ಬಳು ಬಂದು ಇನ್ನೂ ಆಚೆ ನಿಂತಳು. ಮತ್ತೊಬ್ಬಳು ಬಂದಳು. ಒಬ್ಬರ ಮುಖವನ್ನೊಬ್ಬರು ನೋಡಲಿಲ್ಲ, ನೆಲವನ್ನೇ ನೋಡುತ್ತ ನಿಂತರು. ವರ್ಷಗಟ್ಟಲೆ ಒಂದೇ ಬಾವಿಯಲ್ಲಿ ನೀರು ಸೇದಿದವರು, ತಮ್ಮ ಕೂಸಿನ ಜಾಗವನ್ನು ಯಾರೂ ಯಾರಿಗೂ ಹೇಳಿರಲಿಲ್ಲ. ಕಡೆಗೆ ಕಣ್ಣು ಮಂಜಾದ ಶಾಂತವ್ವಜ್ಜಿ ಕೋಲೂರಿಕೊಂಡು ಬಂದಳು. ಬರಿಗಾಲಿನಿಂದ ನೆಲವನ್ನು ತಡವುತ್ತ ಇಲ್ಲಿ ನಿಂತಳು, ಅಲ್ಲಿ ನಿಂತಳು, ಮತ್ತೆ ಮುಂದೆ ಹೋದಳು.

“ಎಲ್ಲೆಂತ ಗೊತ್ತಾಗವಲ್ದಪಾ,” ಎಂದಳು. “ಬಾಳ ದಿನಾ ಆತು. ಹೊಲದ ತನಕಾ ಸರಸಿಬಿಡ್ರಿ.”